ಪಾಯಾ: ಸಣ್ಣ ಉರಿಯ ರುಚಿ

ಯಾದಗಿರಿ, ಶಹಾಪುರ, ಸುರಪುರ 1948ರವರೆಗೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರುಗಳು. ಆ ನಂಟು ಇಂದಿಗೂ ಅಡುಗೆಮನೆಯಲ್ಲಿ ಘಮಘಮಿಸುತ್ತದೆ. ಕುರಿಯ ಕಾಲಿನ ಸಾರಾದ ಪಾಯಾ ಅದಕ್ಕೊಂದು ಸಾಕ್ಷಿ.

ಕುರಿಯ ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು, ತಿಕ್ಕಿ ತೊಳೆಯುವುದೇ ಅರ್ಧ ಕೆಲಸ. ಆಮೇಲೆ ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ, ಅರಿಶಿನದ ಜೊತೆ ದೊಡ್ಡ ಪಾತ್ರೆಗೆ ಹಾಕಿ, ಲವಂಗ, ಚಕ್ಕೆ, ಯಾಲಕ್ಕಿ, ಕರಿಮೆಣಸನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟರೆ, ಉಳಿದದ್ದು ಸಣ್ಣ ಉರಿಯ ಪಾಲು.

ಇಲ್ಲಿ ಅವಸರ ನಡೆಯದು. ಎಲುಬಿನ ಸುತ್ತಲಿನ ಚರ್ಮ, ನರಗಳಲ್ಲಿರುವ ಕೊಲಾಜನ್ ತಾಸುಗಟ್ಟಲೆ ಕುದಿದು ಜೆಲಾಟಿನ್ ಆಗಿ ಕರಗಿದಾಗಲೇ ರಸ ತುಟಿಗಂಟುವಷ್ಟು ಗಟ್ಟಿಯಾಗುತ್ತದೆ.

ಹೈದರಾಬಾದಿನಲ್ಲಿ ಇದಕ್ಕೆ ನಾನ್ ಜೊತೆ. ಇಲ್ಲಿ ಖಡಕ್ ಜೋಳದ ರೊಟ್ಟಿ ಮುರಿದು, ಬಿಸಿ ರಸದಲ್ಲಿ ನೆನೆಸಿ, ಕೊತ್ತಂಬರಿ ಉದುರಿಸಿ, ಲಿಂಬೆ ಹಿಂಡಿ ಉಣ್ಣುತ್ತಾರೆ.