ಗಿಳಿ ಹೇಳಿದ ಮಾತು

ನಮ್ಮ ಮನೆ ಬೆಳಗಾವಿಯ ನೆಹರು ನಗರದಲ್ಲಿ. ಈಗ ಆ ಭಾಗವೆಂದರೆ ಆಸ್ಪತ್ರೆಗೆ ಬಂದವರ ವಾಹನಗಳ ಸಾಲು, ಔಷಧಿ ಅಂಗಡಿಗಳ ಬೆಳಕು. 1980ರ ದಶಕದ ನನ್ನ ಬಾಲ್ಯದಲ್ಲಿ ಮಾತ್ರ ಅದು ಕರೆಂಟು ಹೋಗುವ ರಾತ್ರಿಗಳ ಬಡಾವಣೆ. ಕರೆಂಟು ಹೋದರೆ ನಮಗೆ ಹಬ್ಬ. ಕಂದೀಲು ಹಚ್ಚಿಟ್ಟು ದಾದಿ ಕಥೆ ಶುರು ಮಾಡುತ್ತಿದ್ದರು.

ನನಗೆ ಬಹಳ ಇಷ್ಟವಾದದ್ದು ಏಳು ಸಮುದ್ರಗಳಾಚೆ ಇದ್ದ ದೈತ್ಯನ ಕಥೆ. ಅವನ ಜೀವ ಅವನ ಮೈಯಲ್ಲಿರಲಿಲ್ಲ, ಪಂಜರದ ಒಂದು ಗಿಳಿಯಲ್ಲಿತ್ತು. ಗಿಳಿಯ ರೆಕ್ಕೆ ಮುರಿದರೆ ಅವನ ತೋಳು ಕಳಚಿ ಬೀಳುತ್ತದೆ. ದಾದಿ ಕೋಟೆ ಎಂದೊಡನೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಕಂದಕ ಸುತ್ತಿದ ನಮ್ಮ ಬೆಳಗಾವಿ ಕೋಟೆಯೇ. ಸಫಾ ಮಸೀದಿ, ಕಮಲ ಬಸದಿಗಳ ಆ ಕೋಟೆಯೊಳಗೆ ಎಲ್ಲೋ ಒಂದು ಮರಕ್ಕೆ ಪಂಜರ ತೂಗಾಡುತ್ತಿದೆ ಎಂದೇ ನಂಬಿದ್ದೆ.

ಒಂದು ಶನಿವಾರ ರಾತ್ರಿ ಕಥೆ ಕೊನೆಯ ಹಂತಕ್ಕೆ ಬಂತು. ಗಿಳಿ ರಾಜಕುಮಾರನ ಕೈಗೆ ಸಿಕ್ಕಿತು. "ಕತ್ತು ಹಿಸುಕಬೇಕು ಅನ್ನುವಷ್ಟರಲ್ಲಿ ಗಿಳಿ ಒಂದು ಮಾತು ಹೇಳಿತು," ಎಂದರು ದಾದಿ. ಅಷ್ಟರಲ್ಲಿ ಕರೆಂಟು ಬಂತು. "ಉಳಿದದ್ದು ನಾಳೆ ಬೇಟಾ."

ಮರುದಿನ ಭಾನುವಾರ. ಆ ದಿನಗಳಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿ ತೋರಿಸುತ್ತಿತ್ತು. 1966ರಿಂದ 1969ರವರೆಗೆ ಅಲ್ಲಿ ಬಂದಿದ್ದ 79 ಕಂತುಗಳ ವಿಜ್ಞಾನ ಕಥೆ. ಟಿ.ವಿ. ಇದ್ದ ಪಕ್ಕದ ಮನೆಯ ನೆಲದ ಮೇಲೆ ಕೇರಿಯ ಮಕ್ಕಳೆಲ್ಲ ಕೂರುತ್ತಿದ್ದೆವು. ಇಂಗ್ಲಿಷ್ ಒಂದಕ್ಷರ ತಿಳಿಯದು. ಆದರೂ ಆ ನೌಕೆ, ಚೂಪು ಕಿವಿಯ ಸ್ಪಾಕ್, ಕುಳಿತಲ್ಲೇ ಮಿಂಚುವ ಗುಂಡಿಗಳು! ಅಂದು ಮನೆಗೆ ಬಂದವನೇ ದೊಡ್ಡ ವಿಜ್ಞಾನಿಯಂತೆ ಹೇಳಿದೆ: "ದಾದಿ, ನಿಮ್ಮ ಕಥೆ ಎಲ್ಲ ಸುಳ್ಳು. ಗಿಳಿಯಲ್ಲಿ ಯಾರಾದರೂ ಜೀವ ಇಡುತ್ತಾರೇನು? ಅನಕ್ಷರಸ್ಥರಿಗೆ ಇಂಥವೇ ಕಥೆ."

ಕೊನೆಯ ಮಾತು ನನ್ನದಲ್ಲ, ಯಾರೋ ದೊಡ್ಡವರು ಆಡಿದ್ದನ್ನು ಕೇಳಿಸಿಕೊಂಡಿದ್ದೆ. ದಾದಿ ನಕ್ಕು ಸುಮ್ಮನಾದರು. ಮುಂದೆ ಕರೆಂಟು ಹೋದ ರಾತ್ರಿಗಳಲ್ಲಿ ಅವರ ತಸ್ಬೀಹ್ ಮಣಿಗಳ ಸದ್ದು ಮಾತ್ರ ಕೇಳುತ್ತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಕಾಲೇಜು ಸೇರುವ ಹೊತ್ತಿಗೆ ಅವರು ತೀರಿಕೊಂಡರು.

ಮೊನ್ನೆ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಧಾರಾವಾಹಿಯ ಒಂದು ಕಂತು ಹಾಕಿ, "ಅಬ್ಬಾ, ನಿಮ್ಮ ಕಾಲದ್ದು ನೋಡ್ರಿ," ಎಂದು ಕರೆದ. 'ಕ್ಯಾಟ್ಸ್‌ಪಾ' ಎಂಬ ಆ ಕಂತು ಅಮೆರಿಕದಲ್ಲಿ ಮೊದಲು ಪ್ರಸಾರವಾದದ್ದು 1967ರ ಅಕ್ಟೋಬರ್ 27ರಂದು. ಬರೆದವರು 'ಸೈಕೊ' ಕಾದಂಬರಿಯ ರಾಬರ್ಟ್ ಬ್ಲಾಕ್. ಕ್ಯಾಪ್ಟನ್ ಕರ್ಕ್ ಮತ್ತು ಸಂಗಡಿಗರು ಒಂದು ಗ್ರಹಕ್ಕೆ ಇಳಿಯುತ್ತಾರೆ. ಅಲ್ಲಿ ಮಂಜು, ಮೂವರು ಮಾಟಗಾತಿಯರು, ಒಂದು ಕೋಟೆ, ಕರಿ ಬೆಕ್ಕು, ಸಂಕೋಲೆಗಳ ನೆಲಮಾಳಿಗೆ! ಸಿಲ್ವಿಯಾ ಎಂಬ ಮಾಯಾವಿನಿ ನೌಕೆಯ ಪುಟ್ಟ ಗೊಂಬೆಯೊಂದನ್ನು ದೀಪದ ಜ್ವಾಲೆಯ ಮೇಲೆ ಹಿಡಿಯುತ್ತಾಳೆ. ಮೇಲೆ ಆಕಾಶದಲ್ಲಿ ನಿಜವಾದ ನೌಕೆ ಕಾದು ಸುಡತೊಡಗುತ್ತದೆ.

ನಾನು ಕುರ್ಚಿಯಿಂದ ಎದ್ದು ನಿಂತೆ. ಗಿಳಿಯ ರೆಕ್ಕೆ ಮುರಿದರೆ ದೈತ್ಯನ ತೋಳು ಬಿತ್ತಲ್ಲ, ಇದೂ ಅದೇ ಅಲ್ಲವೇ? ಕೊನೆಗೆ ಕರ್ಕ್ ಮಂತ್ರದಂಡವನ್ನು ಒಡೆದುಹಾಕಿದಾಗ ಕೋಟೆಯೂ ಮಾಯ. ಉಳಿಯುವುದು ಅಂಗೈಯಷ್ಟೂ ಇಲ್ಲದ ಎರಡು ದುರ್ಬಲ ಜೀವಿಗಳು. ಅವು ಮನುಷ್ಯರ ಮನಸ್ಸಿನ ತಳದಲ್ಲಿದ್ದ ಭಯಗಳನ್ನೇ ಅವರ ನಿಜವಾದ ಜಗತ್ತೆಂದು ತಪ್ಪು ತಿಳಿದು ಕೋಟೆ ಕಟ್ಟಿದ್ದವು.

ಯಾವ ವಿಜ್ಞಾನದ ಹೆಸರಿನಲ್ಲಿ ನಾನು ದಾದಿಯ ಬಾಯಿ ಮುಚ್ಚಿಸಿದೆನೋ, ಆ ವಿಜ್ಞಾನ ಕಥೆಯೇ ದಾದಿಯ ಕಂದೀಲಿನ ಬಳಿ ಬಂದು ಕುಳಿತಿತ್ತು. ನಕ್ಷತ್ರಗಳವರೆಗೆ ಹೋದವನಿಗೂ ಹೇಳಲು ಕೋಟೆಯ ಕಥೆಯೇ ಬೇಕಾಯಿತು. ವಿಜ್ಞಾನ ನಮಗೆ ಬೇಕು, ನನ್ನ ಮಗ ಅದನ್ನೇ ಓದುತ್ತಿದ್ದಾನೆ. ಆದರೆ ಕಥೆಯನ್ನು ಸುಳ್ಳೆಂದು ತಳ್ಳಿದಾಗ ನಾವು ತಳ್ಳುವುದು ಕಥೆಯನ್ನು ಮಾತ್ರವಲ್ಲ, ಹೇಳುವವರನ್ನೂ. ಅಕ್ಷರ ಬಾರದ ಆ ಹೆಂಗಸು ಮನೆಯೊಳಗೆ ದೊಡ್ಡವರಾಗಿದ್ದುದು ಆ ಒಂದು ಗಳಿಗೆಯಲ್ಲಿ. ಅದನ್ನೂ ನಾನು ಕಿತ್ತುಕೊಂಡೆ.

ಆ ರಾತ್ರಿ ಹುಬ್ಬಳ್ಳಿಯಲ್ಲಿರುವ ಆಪಾಗೆ ಫೋನು ಮಾಡಿ, "ಗಿಳಿ ಏನು ಹೇಳಿತು?" ಎಂದು ಕೇಳಿದೆ. ಆಕೆಗೂ ಗೊತ್ತಿಲ್ಲ. ಚಿಕ್ಕಪ್ಪನ ಮಕ್ಕಳಿಗೂ ಗೊತ್ತಿಲ್ಲ. ಎಲ್ಲರ ನೆನಪೂ ಗಿಳಿ ಕೈಗೆ ಸಿಕ್ಕಲ್ಲಿಗೆ ನಿಲ್ಲುತ್ತದೆ. ಇಂಥ ಗಿಳಿಯ ಕಥೆಗಳು ನಾಡಿನ ತುಂಬ ಇವೆ, ಪುಸ್ತಕಗಳಲ್ಲೂ ಸಿಗುತ್ತವೆ. ಆದರೆ ನಮ್ಮ ದಾದಿಯ ಗಿಳಿ ಆಡಿದ ಮಾತು ಅವುಗಳಲ್ಲಿಲ್ಲ.

ನಿಮ್ಮ ಮನೆಯಲ್ಲಿ ಕಥೆ ಬಲ್ಲ ಹಿರಿಯರು ಇನ್ನೂ ಇದ್ದರೆ, ಇಂದು ರಾತ್ರಿಯೇ ಅವರ ಪಕ್ಕ ಕೂತು ಕೇಳಿ. ಕರೆಂಟು ಹೋಗುವವರೆಗೆ ಕಾಯಬೇಡಿ.