ಕೆಲವು ಬಿಡಿ ಅಭಿಪ್ರಾಯಗಳು

ಅಭಿಪ್ರಾಯಕ್ಕೆ ಸುಂಕವಿಲ್ಲವಾದುದರಿಂದ ನಮ್ಮ ಜಿಲ್ಲೆಯಲ್ಲಿ ಅದರ ವ್ಯಾಪಾರವು ಸದಾ ಚುರುಕಾಗಿಯೇ ನಡೆದಿರುತ್ತದೆ. ಉಡುಪಿಯಲ್ಲಿ ಬಸ್ಸನ್ನೇರಿ ಮಣಿಪಾಲ, ಹಿರಿಯಡ್ಕಗಳ ಮಾರ್ಗವಾಗಿ ಕಾರ್ಕಳದಲ್ಲಿ ಇಳಿಯುವಷ್ಟರೊಳಗೆ ಕ್ರಿಕೆಟ್ ತಂಡದ ಆಯ್ಕೆ, ರಷ್ಯದ ಯುದ್ಧ, ಅಡಿಕೆಯ ಧಾರಣೆ, ನೆರೆಮನೆಯವರ ಮಗನ ನಡತೆ ಇವೆಲ್ಲವೂ ತೀರ್ಮಾನವಾಗಿ ಹೋಗಿರುತ್ತವೆ. ನಾನೂ ಅದೇ ಬಸ್ಸಿನ ಪ್ರಯಾಣಿಕನು. ಆದುದರಿಂದ ಕೆಳಗಿನ ಮಾತುಗಳಿಗೆ ಬಸ್ಸಿನ ಚೀಟಿಗಿಂತ ಹೆಚ್ಚಿನ ಅಧಿಕಾರವನ್ನು ವಾಚಕರು ಆರೋಪಿಸಲಾಗದು.

ಮೊದಲು ಯುದ್ಧವನ್ನು ಮುಗಿಸಿಬಿಡೋಣ. ೨೦೨೨ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ನಮ್ಮಲ್ಲಿ ಅನೇಕರಿಗೆ ಆ ದೇಶವು ಭೂಪಟದಲ್ಲಿ ಎಲ್ಲಿದೆಯೆಂಬುದೇ ತಿಳಿದಿರಲಿಲ್ಲ. ಆದರೆ ಭಾರತಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಬೆಲೆ ಏರಿದಾಗ ಗೋಳಿಬಜೆಯ ಬಾಣಲೆಯೇ ನಮಗೆ ಭೂಗೋಳವನ್ನು ಕಲಿಸಿತು. ಅದಕ್ಕಿಂತ ಹೆಚ್ಚಾಗಿ ಲೋಕದ ರಾಜಕಾರಣದ ಕುರಿತು ಹೇಳುವ ಯೋಗ್ಯತೆ ನನಗಿಲ್ಲ.

ಕಂಬಳದ ವಿಷಯ ಹಾಗಲ್ಲ. ಅಲ್ಲಿ ನನಗೆ ಅಭಿಪ್ರಾಯವೂ ಇದೆ, ಹಟವೂ ಇದೆ.

೨೦೨೦ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರು. ಯಾರೋ ಲೆಕ್ಕಪಟುಗಳು ಅದನ್ನು ನೂರು ಮೀಟರಿಗೆ ಭಾಗಿಸಿ ೯.೫೫ ಎಂದು ಸಾರಿದರು. ಉಸೇನ್ ಬೋಲ್ಟನ ವಿಶ್ವದಾಖಲೆ ೯.೫೮. ಸರಿ, ಸುದ್ದಿ ಸಮುದ್ರವನ್ನು ದಾಟಿತು. ಕೆಲವೇ ದಿನಗಳಲ್ಲಿ ನಮ್ಮ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ ಶೆಟ್ಟರು ವೇಣೂರಿನಲ್ಲಿ ೧೪೩ ಮೀಟರುಗಳನ್ನು ೧೩.೬೧ ಸೆಕೆಂಡುಗಳಲ್ಲಿ ಮುಗಿಸಿದರು. ಬಸ್ಸಿನಲ್ಲಿ ಕುಳಿತವರ ಎದೆ ಎರಡಂಗುಲ ಉಬ್ಬಿತು.

ಈ ಭಾಗಾಕಾರ ನನಗೆ ಒಪ್ಪಿಗೆಯಾಗುವುದಿಲ್ಲ. ನಿಂತಲ್ಲಿಂದ ಹೊರಡುವವನ ಮೊದಲ ಹೆಜ್ಜೆಗಳು ಯಾವಾಗಲೂ ನಿಧಾನ. ಓಟವು ಉದ್ದವಾದಂತೆ ಆ ನಿಧಾನವು ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದೇ ಬೋಲ್ಟನು ೨೦೦೯ರಲ್ಲಿ ಮ್ಯಾಂಚೆಸ್ಟರಿನಲ್ಲಿ ೧೫೦ ಮೀಟರುಗಳನ್ನು ೧೪.೩೫ ಸೆಕೆಂಡುಗಳಲ್ಲಿ ಓಡಿದ್ದನು. ಅದನ್ನು ಭಾಗಿಸಿದರೆ ಅವನೇ ತನ್ನ ದಾಖಲೆಯನ್ನು ಮುರಿದಂತಾಗುತ್ತದೆ! ಇದಲ್ಲದೆ ಬೋಲ್ಟನ ಮುಂದೆ ಎರಡು ಕೋಣಗಳಿರಲಿಲ್ಲ. ಗೌಡರ ಕಾಲಿನ ಕೆಳಗೆ ಕೆಸರು, ಕೈಯಲ್ಲಿ ಎಳೆಯುವ ಶಕ್ತಿ. ಒಂದು ತಡೆ, ಒಂದು ನೆರವು. ಇವುಗಳನ್ನು ಕೂಡಿ ಕಳೆಯುವ ಗಣಿತವನ್ನು ಯಾರೂ ಮಾಡಲಿಲ್ಲ. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಗೆ ಕರೆದರೂ ಗೌಡರು ಹೋಗಲೊಪ್ಪಲಿಲ್ಲ. ಅಷ್ಟು ಜನರ ಕೂಗಾಟದ ನಡುವೆ ವಿವೇಕವುಳ್ಳ ಅಭಿಪ್ರಾಯ ಅವರೊಬ್ಬರದೇ ಎಂದು ನನ್ನ ಮತ.

ಯಂತ್ರದಿಂದ ಕಂಬಳಕ್ಕೆ ಉಪಕಾರವಾಗಿಲ್ಲವೆಂದು ನಾನು ಹೇಳಲಾರೆ. ಮೊದಲು ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣೇ ಪ್ರಮಾಣ. ಒಂದು ಮೂಗಿನ ಅಂತರಕ್ಕಾಗಿ ಎರಡು ಮನೆತನಗಳು ಮಾತು ಬಿಟ್ಟದ್ದುಂಟು. ಈಗ ಲೇಸರ್ ಕಿರಣವು ತೀರ್ಪು ಕೊಡುತ್ತದೆ. ಅದಕ್ಕೆ ಗುತ್ತಿನವರು, ಒಕ್ಕಲಿನವರು ಎಂಬ ಭೇದವಿಲ್ಲ. ಆದರೆ ಫಲಿತಾಂಶವನ್ನು ಓದುವ ಧ್ವನಿವರ್ಧಕಕ್ಕೆ ಆ ಭೇದ ಇನ್ನೂ ತಿಳಿದಿದೆ: ಯಜಮಾನರ ಊರು, ಮನೆ, ಹೆಸರು ಮೊದಲು, ಓಡಿಸಿದವನ ಹೆಸರು ಕೊನೆಗೆ. ಬಹುಮಾನದ ಚಿನ್ನವೂ ಯಜಮಾನರದೇ. ವರ್ಷವಿಡೀ ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿದ ಖರ್ಚು ಅವರದಲ್ಲವೇ ಎಂದರೆ, ಹೌದು. ಆದರೂ ಕೆಸರು ಮೆತ್ತಿದ ಮೈ ಯಾರದು?

ಇನ್ನು ಬಾರುಕೋಲಿನ ಮಾತು. ೨೦೧೪ರಲ್ಲಿ ಜಲ್ಲಿಕಟ್ಟಿನ ಮೇಲೆ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ಕಂಬಳಕ್ಕೂ ತಟ್ಟಿತು. ೨೦೧೭ರಲ್ಲಿ ನಮ್ಮ ರಾಜ್ಯವು ಕಾಯಿದೆಯನ್ನು ತಿದ್ದಿತು. ೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪಟಾಕಿ ಸುಟ್ಟೆವು. ಕಾಯಿದೆ ಒಪ್ಪಿದ ಮಾತ್ರಕ್ಕೆ ನಮ್ಮ ಮನಸ್ಸಾಕ್ಷಿಯ ವ್ಯಾಜ್ಯವೂ ಮುಗಿಯಿತೆಂದು ಕೆಲವರು ತಿಳಿದಂತಿದೆ. ‘ಪೆಟ್ಟಿಲ್ಲದೆ ಕೋಣ ಓಡೀತೇ?’ ಎಂದು ಕೇಳುವವರಿಗೆ ನಾನು ಕನೆಹಲಗೆಯನ್ನು ತೋರಿಸುತ್ತೇನೆ. ಅಲ್ಲಿ ಮುಖ್ಯವಾದುದು ವೇಗವಲ್ಲ. ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲಿನ, ಏಳೂವರೆ ಕೋಲಿನ ನಿಶಾನಿಯನ್ನು ಮುಟ್ಟಿತೇ ಎಂಬುದು. ನಮ್ಮ ಹಿರಿಯರು ಸೆಕೆಂಡನ್ನು ಮೀರಿದ ಅಳತೆಯನ್ನೂ ಬಲ್ಲವರಾಗಿದ್ದರು. ಎಲ್ಲ ಜೋಡಿಗಳಿಗೂ ಬಾರುಕೋಲನ್ನು ನಿಲ್ಲಿಸಿದರೆ ಓಟ ನಿಧಾನವಾದೀತು, ಆಗಲಿ. ಗೆಲುವು ಜೋಡಿ ಜೋಡಿಗಳ ನಡುವಿನದಲ್ಲದೆ ಜಮೈಕದವನೊಡನೆ ಅಲ್ಲವಷ್ಟೆ. ಲೇಸರು ನಿಧಾನವಾದ ಕೋಣಗಳ ಅಂತರವನ್ನೂ ಅಷ್ಟೇ ನಿಖರವಾಗಿ ತೋರಿಸುತ್ತದೆ. ಮಿಯಾರಿನ ಲವ-ಕುಶ ಕರೆಯಲ್ಲಿ ಇದನ್ನು ಒಂದು ವರ್ಷ ಪರೀಕ್ಷಿಸಬಾರದೇಕೆ? ಕಂಬಳವನ್ನು ಪ್ರೀತಿಸದವನ ಮಾತಲ್ಲ ಇದು.

ಹಣದ ವಿಷಯವಾಗಿ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿದರೂ ಸಾಕು, ಏಜೆಂಟನು ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದನು. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಆ ಸಂಸ್ಥೆ ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿಯ ಗುಣ ಅದರ ಮೌನದಲ್ಲಿತ್ತು. ಎಷ್ಟು ಕೊಟ್ಟಳೆಂಬುದು ಕೊಟ್ಟವಳಿಗೂ ಏಜೆಂಟನ ಪುಸ್ತಕಕ್ಕೂ ಮಾತ್ರ ಗೊತ್ತು. ಕುಡುಕ ಗಂಡನಿಗೂ ಗೊತ್ತಾಗಬೇಕೆಂದಿರಲಿಲ್ಲ.

ಈಗ ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಪ್ರತಿಯೊಂದು ಬುಟ್ಟಿಯ ಪಕ್ಕದಲ್ಲಿಯೂ ಮೊಬೈಲಿನಿಂದ ಹಣ ಪಡೆಯುವ ಚೌಕದ ಚಿತ್ರವುಂಟು. ಕೆಲವರಲ್ಲಿ ಬಂದ ಮೊತ್ತವನ್ನು ಕೂಗಿ ಹೇಳುವ ಪೆಟ್ಟಿಗೆಯೂ ಉಂಟು. ಚಿಲ್ಲರೆಯ ಜಗಳ ತಪ್ಪಿತು, ಸಂತೋಷ. ಆದರೆ ಒಬ್ಬಳ ದುಡಿಮೆಯನ್ನು ಪೇಟೆಗೆಲ್ಲ ಕೇಳುವಂತೆ ಸಾರುವ ಹಕ್ಕನ್ನು ಆ ಪೆಟ್ಟಿಗೆಗೆ ಕೊಟ್ಟವರಾರು? ನಾನು ಬಂಗುಡೆ ಕೊಳ್ಳುವ ಅಕ್ಕನೊಬ್ಬಳನ್ನು ಇದರ ಬಗ್ಗೆ ವಿಚಾರಿಸಿದೆನು. ಅವಳು ನಕ್ಕು, ಪೆಟ್ಟಿಗೆಯ ಮೇಲೆ ಹೊದಿಸಿದ್ದ ಒದ್ದೆ ಗೋಣಿಯನ್ನು ಸರಿಸಿ ತೋರಿಸಿ, ಮತ್ತೆ ಮುಚ್ಚಿ, ‘ಎಷ್ಟು ಬೇಕು, ಹೇಳಿ ಅಣ್ಣಾ’ ಎಂದಳು.