ಬೀದಿಗಿಂತ ದೊಡ್ಡ ತೇರು

ಚಿತ್ರದುರ್ಗ, ಗದಗದ ಕಡೆಯವರಿಗೆ ಈ ನೋಟ ಹೊಸದಲ್ಲ. ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್ ಊರ ತಿರುವಿಗೆ ಬಂದು ನಿಲ್ಲುತ್ತದೆ. ಮುಂದೊಂದು ಜೀಪು, ಕೆಂಪು ಬಾವುಟ. ಹಿಂದೆ ಹಾರ್ನು ಬಾರಿಸುವ ಬಸ್ಸುಗಳ ಸಾಲು. ‘ಇಂಥದ್ದನ್ನೆಲ್ಲ ರಸ್ತೆಗೆ ಬಿಟ್ಟೋರು ಯಾರಪ್ಪಾ?’ ಎಂದು ಬಸ್ಸಿನಲ್ಲಿ ಗೊಣಗಾಟ ಶುರು.

ಸುಮ್ಮನೆ ಯಾರೂ ಬಿಡುವುದಿಲ್ಲ. ತೇರಿಗೊಂದು ರಥಬೀದಿ ಇದ್ದ ಹಾಗೆ ಲಾರಿಗೂ ಅಳತೆಯುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾಮಾನ್ಯ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ. ಉದ್ದ, ಎತ್ತರ, ಅಚ್ಚಿನ ಮೇಲಿನ ಭಾರಕ್ಕೂ ಮಿತಿಯಿದೆ. ಆದರೆ ರೆಕ್ಕೆಯನ್ನಾಗಲಿ, ದೊಡ್ಡ ಟ್ರಾನ್ಸ್‌ಫಾರ್ಮರನ್ನಾಗಲಿ ತುಂಡು ಮಾಡಿ ಸಾಗಿಸಲಾದೀತೇ? ಅದಕ್ಕೇ ವಿಶೇಷ ಅನುಮತಿ. ಸರಕಿನ ತೂಕವೆಷ್ಟು, ಅಚ್ಚುಗಳೆಷ್ಟು, ಯಾವ ದಾರಿ ಎಂಬುದನ್ನೆಲ್ಲ ಮೊದಲೇ ತಿಳಿಸಬೇಕು. ನಡುವಿನ ಸೇತುವೆಗಳು ಆ ಭಾರ ತಾಳುತ್ತವೆಯೇ ಎಂದು ನೋಡಬೇಕು.

ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಪ್ರಯಾಣ ಮಾಡಿದ್ದು ಹಿರಿಯರಿಗೆ ನೆನಪಿರಬಹುದು. ಏಕಶಿಲೆಯ ಆ ಭಾರವನ್ನು ಹೊತ್ತದ್ದು ಸಾಲುಸಾಲು ಚಕ್ರಗಳ ಟ್ರಾಲಿ.

ಅಷ್ಟೊಂದು ಚಕ್ರಗಳೇಕೆ? ಇದು ಶಾಲೆಯ ಗಣಿತವೇ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆ ಹಾಕಿ ಲಾರಿಗಳನ್ನು ಓಡಿಸಿದರು. ರಸ್ತೆಯ ಸವೆತ ಸುಮಾರಾಗಿ ಅಚ್ಚಿನ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆಂದು ಕಂಡುಬಂತು. ಅಂದರೆ ಒಂದು ಅಚ್ಚಿನ ಭಾರ ಇಮ್ಮಡಿಯಾದರೆ ಸವೆತ 2 ಅಲ್ಲ, 16 ಪಟ್ಟು! ಭಾರವನ್ನು ಹಲವು ಅಚ್ಚುಗಳಿಗೆ ಹಂಚಿದರೆ ರಸ್ತೆ ಉಳಿದೀತು.

ಹಾಗಾದರೆ ಹೆದರಬೇಕಾದದ್ದು ಯಾರಿಗೆ? ಹಗಲಲ್ಲೇ ಬಾವುಟ ಕಟ್ಟಿಕೊಂಡು ಬರುವ ದೈತ್ಯನಿಗಲ್ಲ. ಮಿತಿ ಮೀರಿ ಜಲ್ಲಿಯನ್ನೋ ಮರಳನ್ನೋ ತುಂಬಿಕೊಂಡು ರಾತ್ರಿ ಸದ್ದಿಲ್ಲದೆ ದಾಟುವ ಸಾಧಾರಣ ಲಾರಿಗೆ. ಅದು ಯಾರ ಅಪ್ಪಣೆಯನ್ನೂ ಕೇಳಿರುವುದಿಲ್ಲ, ಯಾವ ಸೇತುವೆಯ ಲೆಕ್ಕವನ್ನೂ ಹಾಕಿರುವುದಿಲ್ಲ. 2019ರ ತಿದ್ದುಪಡಿಯಾದ ಮೇಲೆ ಕಾಯಿದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಆದರೆ ಸಿಕ್ಕಿಬಿದ್ದರೆ ತಾನೇ ದಂಡ? ಬೆಳಗಾದರೆ ಅದೇ ಸೇತುವೆಯ ಮೇಲೆ ಶಾಲೆಯ ಬಸ್ಸು ಹೋಗಬೇಕು.

ಪರೀಕ್ಷೆಗೆ ಹೊರಟ ಮಗುವಿಗೆ ತಡವಾದರೆ ಹೆತ್ತವರ ಸಿಡಿಮಿಡಿ ಸಹಜ. ಆದರೂ ಆ ಹತ್ತು ನಿಮಿಷ ಮಗುವಿನ ಕೈಲಿ ಟ್ರೇಲರಿನ ಅಚ್ಚುಗಳನ್ನು ಎಣಿಸಿ ನೋಡಬಹುದು. ದೊಡ್ಡದಾದಷ್ಟೂ ಹೇಳಿ ಕೇಳಿ, ದಾರಿ ನೋಡಿಕೊಂಡು ನಡೆಯಬೇಕೆಂಬ ಪಾಠ ಪುಸ್ತಕಕ್ಕಿಂತ ಅಲ್ಲೇ ಚೆನ್ನಾಗಿ ಹತ್ತುತ್ತದೆ.